ಹಠಮಾರಿಯಲ್ಲಿ ವಾಸ

ಜೂನ್ 9

ಲುಪೆರೋನ್ ಕೊಲ್ಲಿಯಲ್ಲಿ ಲಂಗರು ಹಾಕಿದೆವು. ಇನ್ನು ಚಂಡಮಾರುತದ ತಿಂಗಳುಗಳು ಮುಗಿಯುವ ತನಕ ಇಲ್ಲೇ ಬಿದ್ದಿರಬೇಕು. ಕೆರಿಬಿಯನ್ ಸಮುದ್ರದಲ್ಲಿ ತೇಲಾಡುವ ಮುದಿ ಹುಚ್ಚರೆಲ್ಲ ಬಿರುಗಾಳಿಗೆ ಹೆದರಿ ಬಂದು ಅವಿತುಕೊಳ್ಳುವ ಜಾಗವಿದು. ಸುತ್ತ ಕಾಂಡ್ಲಾ ಕಾಡು, ನಡುವೆ ಬಟಾಣಿ ಸಾರಿನ ಬಣ್ಣದ ನೀರು. ಎವಾರಿಸ್ತೋ ಎರಡೂ ಕೈ ಚಾಚಿ, "ನೋಡೇ ನೆಲಿಡಾ, ಸ್ವರ್ಗ" ಅಂದ. ಆ ಹೊತ್ತಿಗೆ ಸ್ವರ್ಗದಲ್ಲಿ ಒಂದು ಸತ್ತ ಮೇಕೆ ತೇಲಿಹೋಗುತ್ತಿತ್ತು.

ಬದುಕೆಲ್ಲ ಮಾಂಸದ ಕಾರ್ಖಾನೆಯ ಶೀತಲಗೃಹ ನೋಡಿಕೊಂಡ ಮನುಷ್ಯ ಇವನು. ಮೂರು ವರ್ಷದ ಹಿಂದೆ, ನಿವೃತ್ತನಾದ ವರ್ಷವೇ, ರೊಸಾರಿಯೊದ ನಮ್ಮ ಮನೆಯನ್ನು ಬಾಡಿಗೆಗೆ ಕೊಟ್ಟು ಈ ಹಾಯಿದೋಣಿ ಕೊಂಡ. ಪೋರ್ಫಿಯಾದಾ ಎಂದು ಹೆಸರಿಟ್ಟ. ಹಠಮಾರಿ ಎಂದರ್ಥ. ದೋಣಿಯ ಸ್ವಭಾವ ನೋಡಿ ಇಟ್ಟೆ ಎನ್ನುತ್ತಾನೆ. ಹೆಸರಿಟ್ಟಾಗ ದೋಣಿಯನ್ನು ಅವನು ಒಮ್ಮೆಯೂ ಓಡಿಸಿರಲಿಲ್ಲ.

ನಾನು ಪ್ರಾಂತ್ಯದ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದವಳು. ನಾನು ಪಡಸಾಲೆಗೆ ಕಾಲಿಟ್ಟರೆ ಮೇಷ್ಟ್ರುಗಳು ಸಿಗರೇಟನ್ನು ಜೇಬಿನಲ್ಲೇ ಆರಿಸುತ್ತಿದ್ದರು. ಈಗ ಮಂಡಿ ಗೋಡೆಗೆ ತಾಗುವ ಕಕ್ಕಸಿನಲ್ಲಿ ಕುಳಿತು, ಕೈಪಂಪು ಒತ್ತಿ ಒತ್ತಿ, ನನ್ನದನ್ನು ನಾನೇ ಸಮುದ್ರಕ್ಕೆ ಸಾಗಹಾಕುತ್ತೇನೆ.

ಜೂನ್ 11

ಇಲ್ಲಿ ಬೆಳಿಗ್ಗೆ ಎಲ್ಲ ದೋಣಿಗಳೂ ರೇಡಿಯೊದಲ್ಲಿ ಒಂದಾಗುತ್ತವೆ. ಒಬ್ಬೊಬ್ಬರೇ ದೋಣಿಯ ಹೆಸರು ಹೇಳಿ, ಗಾಳಿಯ ವಿಷಯ, ತರಕಾರಿ ಗಾಡಿಯ ವಿಷಯ, ಯಾರದೋ ಮಂಡಿನೋವಿನ ವಿಷಯ ಹೇಳುತ್ತಾರೆ. ಒಂದನೇ ತರಗತಿಯ ಹಾಜರಿ ಇದಕ್ಕಿಂತ ಗಂಭೀರವಾಗಿರುತ್ತದೆ. ಎವಾರಿಸ್ತೋ ನಮ್ಮನ್ನು ಪರಿಚಯಿಸಲು ಕಾಗದದಲ್ಲಿ ಬರೆದಿಟ್ಟುಕೊಂಡು, ಅದನ್ನೂ ತಪ್ಪು ಓದಿದ.

ಅದು ಮುಗಿಯುತ್ತಲೇ ಪಕ್ಕದ ದೋಣಿಯ ಹೆಂಗಸು ಸಣ್ಣ ದೋಣಿಗೆ ಹುಟ್ಟು ಹಾಕಿಕೊಂಡು ಬಂದಳು. ಕ್ವಿಬೆಕ್‌ನವಳು, ಹೆಸರು ಗಿಲೇನ್. ಅರವತ್ತೈದು ದಾಟಿದೆ, ಬರಿಗಾಲು, ತಲೆಗೆ ಅಡುಗೆಮನೆಯ ಬಟ್ಟೆ. ನಗುವಾಗ ಬಾತುಕೋಳಿಯ ಹಾಗೆ ಸದ್ದು ಮಾಡುತ್ತಾಳೆ, ಮತ್ತು ಪ್ರತಿ ವಾಕ್ಯಕ್ಕೂ ನಗುತ್ತಾಳೆ. ಅವಳ ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದಗಳೇ ಇಲ್ಲ. ಗಂಡ ರೆಜಾನ್ ದೂರದಿಂದ ಬಾಣಲೆ ಎತ್ತಿ ಆಡಿಸಿದ. ಇದು ಇಲ್ಲಿಯ ಗಂಡಸರ ನಮಸ್ಕಾರವಿರಬೇಕು.

ಜೂನ್ 27

ದೋಣಿಯ ತಳಕ್ಕೆ ಚಿಪ್ಪು ಮೆತ್ತಿಕೊಂಡಿದೆ. ಅಡುಗೆಯ ಒಲೆ ಕೆಟ್ಟಿದೆ. ನನ್ನ ಹಾಸಿಗೆಯ ಮೇಲಿನ ಕಿಟಕಿ ಸೋರುತ್ತದೆ. ಪ್ರೊಪೆಲರಿನ ದಂಡ ಒಳಬರುವ ಕಡೆ ಹನಿಹನಿಯಾಗಿ ಸಮುದ್ರ ಒಳಗೆ ಬರುತ್ತದೆ. ಹಾಗೆ ಬರಲೇಬೇಕು ಎಂದು ಎವಾರಿಸ್ತೋ ವಾದಿಸುತ್ತಾನೆ. ಸಮುದ್ರ ಒಳಗೆ ಬರಲೇಬೇಕಾದ ದೋಣಿಯನ್ನು ಕೊಂಡವನು ನನ್ನ ಗಂಡ.

ಇಂಜಿನ್‌ಗೆ "ಬಾ ಮುದುಕಿ, ಬಾ ನನ್ನ ಚಿನ್ನ" ಎಂದು ಗೋಗರೆದು ಸ್ಟಾರ್ಟ್ ಮಾಡುತ್ತಾನೆ. ನನ್ನನ್ನು ಹಾಗೆ ಕರೆದದ್ದು ನೆನಪಿಲ್ಲ.

ಜುಲೈ 6

ತಂಗಿ ಎರ್ಮಿನಿಯಾಳ ಜೊತೆ ಫೋನಿನಲ್ಲಿ ಮಾತಾಡಿ ತೀರ್ಮಾನಿಸಿದೆ. ಆಗಸ್ಟ್‌ನಲ್ಲಿ ವಿಮಾನ. ಎವಾರಿಸ್ತೋಗೆ ಮೂರು ವಾರ ಎಂದಿದ್ದೇನೆ. ಎರ್ಮಿನಿಯಾಗೆ ಮಾತ್ರ ಗೊತ್ತು, ನಾನು ಹಿಂದಿರುಗುವುದಿಲ್ಲ. ಅವಳ ಮನೆಯಲ್ಲಿ ನನಗಾಗಿ ಒಂದು ಕೋಣೆ ಖಾಲಿ ಮಾಡುತ್ತಿದ್ದಾಳೆ. ಅಲ್ಲಾಡದ ಕೋಣೆ.

ಇವತ್ತೇ ಚೀಲ ಕಟ್ಟಲು ಶುರು ಮಾಡಿದೆ. ಅಮ್ಮನ ಕಾಲದ, ಬೆಳ್ಳಿ ಕಟ್ಟಿನ, ಯೆರ್ಬಾ ಎಲೆಯ ಕಷಾಯ ಕುಡಿಯುವ ಸೋರೆಬುರುಡೆಯನ್ನು ಸ್ವೆಟರಿನಲ್ಲಿ ಸುತ್ತಿ ಇಟ್ಟೆ. ಎವಾರಿಸ್ತೋ ಹೊರಗೆ ಹಾಯಿಯ ಹಗ್ಗಕ್ಕೆ ಗಂಟು ಹಾಕುತ್ತ ಸಿಳ್ಳೆ ಹೊಡೆಯುತ್ತಿದ್ದ. ಪಾಪ ಅನ್ನಿಸಲಿಲ್ಲ.

ಜುಲೈ 20

ಗಿಲೇನ್ ದೋಣಿಯಲ್ಲಿ ಊಟ. ತಪ್ಪಿಸಿಕೊಳ್ಳಲಾಗಲಿಲ್ಲ. ರೆಜಾನ್ ಅಡುಗೆ ಮಾಡುತ್ತಾನಂತೆ, ಕಲಾವಿದನಂತೆ. ಮೀನಿಗೆ ಹಸಿ ಮಾವಿನಕಾಯಿ ಹಾಕಿದ್ದ. ಬಡಿಸುವ ಮುನ್ನ ಆ ಮೀನನ್ನು ಎಲ್ಲಿ ಹಿಡಿದೆ, ಎಷ್ಟು ಒದ್ದಾಡಿತು ಎಂದು ಕುಣಿದು ತೋರಿಸಿದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಹೆಂಡತಿ ಆ ಕಥೆಗೆ ಬಾಯಿ ಬಿಟ್ಟುಕೊಂಡು ಕೂತಿದ್ದಳು. ಬುದ್ಧಿ ಬೆಳೆಯದ ಜನರಿಗೆ ಮುಪ್ಪು ಬರಬಾರದು.

ಮೀನು ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲೇಬೇಕು.

ಆಗಸ್ಟ್ 1

ರೆಜಾನ್ ಸತ್ತ.

ಬೆಳಿಗ್ಗೆ ದೋಣಿಯ ತಳ ಕೆರೆಯಲು ನೀರಿಗಿಳಿದಿದ್ದ. ನೀರು, ಡೀಸೆಲ್ ತಂದುಕೊಡುವ ಊರಿನ ಚಾಗೋ ನೋಡಿ ಎಳೆದು ಹಾಕಿದನಂತೆ. ಹೃದಯ ನಿಂತಿತ್ತು ಎಂದರು. ಗಿಲೇನ್ ಅವನು ಈಜಲು ಕಾಲಿಗೆ ಹಾಕಿಕೊಂಡಿದ್ದ ರಬ್ಬರ್ ರೆಕ್ಕೆಗಳನ್ನು ಕಳಚಲು ಪ್ರಯತ್ನಿಸುತ್ತಲೇ ಇದ್ದಳು. ಕಳಚಿಕೊಳ್ಳಲಿಲ್ಲ. ನಾನು ಹೋಗಿ ಕಳಚಿದೆ. ಹಿಮ್ಮಡಿಯ ಪಟ್ಟಿಯನ್ನು ಹಿಂದಕ್ಕೆ ಎಳೆಯಬೇಕು, ಅಷ್ಟೇ.

ಆಗಸ್ಟ್ 4

ದಂಡೆಯಲ್ಲಿ ರೆಜಾನ್‌ಗಾಗಿ ಕೂಟ. ಗಿಟಾರು, ಮೇಣದ ಬತ್ತಿ, ತಬ್ಬಿಕೊಳ್ಳುವುದು. ಅವನ ಹೆಸರನ್ನೂ ಸರಿಯಾಗಿ ಉಚ್ಚರಿಸಲು ಬಾರದವರು ಎದ್ದು ನಿಂತು ಅತ್ತರು. ಅವನೀಗ ದೊಡ್ಡ ಸಾಗರದಲ್ಲಿ ಹಾಯಿ ಬಿಚ್ಚಿ ಹೋಗುತ್ತಿದ್ದಾನೆ ಎಂದು ಒಬ್ಬ ಹೇಳಿದ. ಅವನು ಪುಯೆರ್ತೋ ಪ್ಲಾತಾ ಪಟ್ಟಣದ ಶವಾಗಾರದಲ್ಲಿದ್ದಾನೆ. ಗಿಲೇನ್ ಎಲ್ಲರ ತೋಳಿಂದ ತೋಳಿಗೆ ಹೋಗುತ್ತ, ಅಂಗಡಿಯಲ್ಲಿ ಕೈ ಬದಲಾಗುವ ಬಟ್ಟೆಯ ಹಾಗಿದ್ದಳು. ನಾನು ತಬ್ಬಲಿಲ್ಲ.

ಆಗಸ್ಟ್ 9

ಅವಳು ಈಗ ಪ್ರತಿ ಮಧ್ಯಾಹ್ನ ನಮ್ಮ ದೋಣಿಗೆ ಬಂದು ಕೂರುತ್ತಾಳೆ. ಕರೆದಿಲ್ಲ. ಮಾತಿಲ್ಲ. ನಾನು ಬಾಳೆಕಾಯಿ ಹೆಚ್ಚುತ್ತಿದ್ದರೆ ಕತ್ತಿ ತೆಗೆದುಕೊಂಡು ತಾನೂ ಹೆಚ್ಚುತ್ತಾಳೆ, ದಪ್ಪ ದಪ್ಪ. ಯಾಕೆ ಇಲ್ಲಿಗೇ ಬರುತ್ತೀಯ, ಉಳಿದವರೆಲ್ಲ ನಿನಗಾಗಿ ಅಳುತ್ತಿದ್ದಾರಲ್ಲ ಎಂದು ಕೇಳಿದೆ. ಅದಕ್ಕೇ, ಅಂದಳು.

ಕೊಲ್ಲಿಯಲ್ಲಿ ಆ ಬಾತುಕೋಳಿ ಸದ್ದು ನಿಂತಿದೆ. ಓದಲು ಒಳ್ಳೆಯದಾಯಿತು. ಆದರೂ ಎರಡು ಪುಟ ಓದಿ ಪುಸ್ತಕ ಮುಚ್ಚಿಟ್ಟೆ.

ಆಗಸ್ಟ್ 13

ನಾಳಿದ್ದು ನನ್ನ ವಿಮಾನ. ಇವತ್ತು ಎವಾರಿಸ್ತೋ ರಬ್ಬರ್ ದೋಣಿಯಿಂದ ಏಣಿ ಹತ್ತುವಾಗ ಜಾರಿ ಬಿದ್ದು ಬಲ ಭುಜ ಮುರಿದುಕೊಂಡ. ಒಂದು ಕೈಯಲ್ಲಿ ಮೊಟ್ಟೆಯ ಟ್ರೇ ಹಿಡಿದಿದ್ದ. ಬೀಳುವಾಗ ಮೊಟ್ಟೆ ಬಿಟ್ಟು ಏಣಿ ಹಿಡಿದುಕೊಳ್ಳುವಷ್ಟು ಬುದ್ಧಿ ಇರಲಿಲ್ಲ.

ಚಾಗೋ ತನ್ನ ಮೋಟಾರು ದೋಣಿಯಲ್ಲಿ ಹಾಕಿಕೊಂಡು ದಂಡೆಗೆ, ಅಲ್ಲಿಂದ ಅವನ ಅಣ್ಣನ ಕಾರಿನಲ್ಲಿ ಆಸ್ಪತ್ರೆಗೆ. ದಾರಿಯುದ್ದಕ್ಕೂ ಚಾಗೋ "ಹೆದರಬೇಡಿ ಡೋನ್ಯಾ, ಮೂಳೆ ಅಲ್ವಾ, ಕೂಡ್ಕೊಳ್ಳುತ್ತೆ" ಎನ್ನುತ್ತಿದ್ದ. ನಾನು ಹೆದರಿದ್ದೇನೆಂದು ಅವನಿಗೆ ಯಾರು ಹೇಳಿದರು? ಎವಾರಿಸ್ತೋ ಮಂಪರಿನಲ್ಲಿ ಮೊಟ್ಟೆಯ ಬಗ್ಗೆ ಕ್ಷಮೆ ಕೇಳುತ್ತಿದ್ದ.

ಆಗಸ್ಟ್ 15

ವಿಮಾನ ಹೋಯಿತು. ಎರ್ಮಿನಿಯಾಗೆ ಒಂದು ತಿಂಗಳು ತಡ ಎಂದೆ.

ಆಗಸ್ಟ್ 24

ಬಲಗೈ ಕಟ್ಟಿಕೊಂಡ ಗಂಡ ಎಂದರೆ ಎರಡು ಗಂಡಂದಿರ ಕಾಟ. ಕೂತಲ್ಲಿಂದಲೇ ಎಲ್ಲವನ್ನೂ ಹೇಳಿಕೊಡುತ್ತಾನೆ. ನೀರಿನ ಕ್ಯಾನುಗಳನ್ನು ನಾನೇ ಎತ್ತುತ್ತೇನೆ. ಡೀಸೆಲ್ ಸೋಸುವ ಡಬ್ಬಿಯನ್ನು ನಾನೇ ಬದಲಿಸಿದೆ. ಅವನು ಅದಕ್ಕೆ ಅರ್ಧ ದಿನ ತೆಗೆದುಕೊಂಡು, ಎರಡು ಸಲ ದೇವರನ್ನು ಬೈದು ಮಾಡುತ್ತಿದ್ದ ಕೆಲಸ. ಮೂರು ಬೋಲ್ಟು, ಒಂದು ರಬ್ಬರ್ ಉಂಗುರ. ಇದನ್ನು ಏನೋ ಮಂತ್ರವಿದ್ಯೆ ಎನ್ನುವಂತೆ ನನ್ನಿಂದ ಮುಚ್ಚಿಟ್ಟಿದ್ದನಲ್ಲ.

ಇಂಜಿನ್ ಸ್ಟಾರ್ಟ್ ಆಗಲಿಲ್ಲ. ಬೈದೆ. ಆಯಿತು.

ಬೆಳಗಿನ ರೇಡಿಯೊದಲ್ಲಿ ಈಗ ನಾನೇ ಮಾತಾಡಬೇಕಾಗಿದೆ, ಅವನಿಗೆ ಬಟನ್ ಒತ್ತಿಕೊಂಡು ಕಾಗದ ಹಿಡಿಯಲಾಗುವುದಿಲ್ಲ. ಚುಟುಕಾಗಿ ಹೇಳುತ್ತೇನೆ. ಮಂಡಿನೋವಿನವರನ್ನು ಅರ್ಧದಲ್ಲೇ ತಡೆಯುತ್ತೇನೆ. ಅದಕ್ಕೆ ನಾಳೆಯಿಂದ ಇಡೀ ಕಾರ್ಯಕ್ರಮ ನೀವೇ ನಡೆಸಿ ಎಂದು ಗಂಟು ಬಿದ್ದಿದ್ದಾರೆ. ಸಹಜವೇ, ಇವರಲ್ಲಿ ಒಬ್ಬರಿಗೂ ಸಭೆ ನಡೆಸಲು ಬರುವುದಿಲ್ಲ.

ಸೆಪ್ಟೆಂಬರ್ 7

ಪೂರ್ವದಿಂದ ದೊಡ್ಡ ಬಿರುಗಾಳಿ ಹೊರಟಿದೆ. ನೇರ ಇಲ್ಲಿಗೆ ಎಂದು ಒಂದು ಹವಾಮಾನ ವರದಿ, ಉತ್ತರಕ್ಕೆ ಸರಿಯುತ್ತದೆ ಎಂದು ಇನ್ನೊಂದು. ಎಲ್ಲರೂ ದೋಣಿಗಳನ್ನು ಕಾಂಡ್ಲಾದ ಒಳಗಿನ ಕಾಲುವೆಗೆ ತಂದು ಬೇರುಗಳಿಗೆ ಕಟ್ಟಬೇಕು. ಚುಕ್ಕಾಣಿ ನಾನು ಹಿಡಿಯುವುದು, ಎವಾರಿಸ್ತೋ ಮುಂದೆ ನಿಂತು ಎಡಗೈ ತೋರಿಸುವುದು ಎಂದಾಯಿತು. ಎಡಗೈಯಲ್ಲಿ ಎಡಕ್ಕೆ ತೋರಿಸಿದರೆ ಬಲಕ್ಕೆ ತಿರುಗಿಸಬೇಕಂತೆ, ಅವನು ತೋರಿಸುವುದು ದೋಣಿಯ ಹಿಂಭಾಗ ಹೋಗಬೇಕಾದ ದಿಕ್ಕಂತೆ. ಇದನ್ನು ಕೆಸರಿಗೆ ಸಿಕ್ಕಿಕೊಂಡ ಮೇಲೆ ಹೇಳಿದ.

ನಮ್ಮದನ್ನು ಕಟ್ಟಿ ತಿರುಗಿ ನೋಡಿದರೆ ಗಿಲೇನ್ ದೋಣಿ ಇನ್ನೂ ನಡುಕೊಲ್ಲಿಯಲ್ಲೇ ಇದೆ. ಅವಳು ಮೇಲ್ಗಡೆ ಕೈ ಕಟ್ಟಿ ಕೂತಿದ್ದಾಳೆ. ನಾನು ಹೋದೆ. ಗಾಳಿ ಬರಲಿ ಬಿಡು, ಅಂದಳು. ರೆಜಾನ್ ಇಲ್ಲದೆ ನನಗೆ ಈ ದೋಣಿ ಬೇಡ, ತೆಗೆದುಕೊಂಡು ಹೋಗಲಿ ಎಂದಳು.

ಆಯ್ತು ಎಂದೆ. ಆದರೆ ನಿನ್ನ ದೋಣಿ ಕಿತ್ತುಕೊಂಡು ಬಂದು ನನ್ನದಕ್ಕೆ ಹೊಡೆಯುತ್ತದೆ, ಆಗ ನಾನು ಸುಮ್ಮನಿರುವುದಿಲ್ಲ. ಸಾಯುವುದಿದ್ದರೆ ಬೇರೆ ಕೊಲ್ಲಿಗೆ ಹೋಗಿ ಸಾಯಿ, ಏಳು, ಲಂಗರು ಎತ್ತು ಎಂದೆ. ಅವಳು ಎದ್ದು ಮುಂದಕ್ಕೆ ಹೋಗಿ ಸರಪಣಿ ಎಳೆಯತೊಡಗಿದಳು. ನನ್ನ ಅಂಗೈ ಸುಲಿದಿದೆ. ಚಾಗೋ ಬೇರುಗಳ ನಡುವೆ ಸೊಂಟದ ತನಕ ಕೆಸರಿನಲ್ಲಿ ನಿಂತು ಹಗ್ಗ ಸುತ್ತಿಕೊಟ್ಟ. ಕತ್ತಲಾಗುವುದರೊಳಗೆ ಎರಡೂ ದೋಣಿಗಳು ಅಕ್ಕಪಕ್ಕ ನಿಂತಿದ್ದವು.

ಸೆಪ್ಟೆಂಬರ್ 9

ನಿನ್ನೆ ಬೆಳಗಿನಿಂದ ಸಂಜೆಯವರೆಗೆ ಗಾಳಿ. ಉತ್ತರಕ್ಕೇ ಸರಿಯಿತು. ನಮಗೆ ಬಡಿದದ್ದು ಅದರ ಸೆರಗು ಮಾತ್ರವಂತೆ. ಸೆರಗೇ ಹೀಗಿದ್ದರೆ.

ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದೆವು. ನನ್ನ ಕಿಟಕಿಯಿಂದ ಧಾರೆಯಾಗಿ ನೀರು. ಎವಾರಿಸ್ತೋ ಎಡಗೈಯಲ್ಲಿ ನೀರು ಹೊರಹಾಕುವ ಪಂಪು ಒತ್ತುತ್ತಿದ್ದ. ದೋಣಿ ಕಟ್ಟಿಹಾಕಿದ ಕುದುರೆಯ ಹಾಗೆ ಹಗ್ಗ ಜಗ್ಗುತ್ತಿತ್ತು. ಇದ್ದಕ್ಕಿದ್ದಂತೆ ಅವನು ಹೇಳಿದ:

"ನೀನು ವಾಪಸ್ ಬರೋಳಲ್ಲ ಅಂತ ನಂಗೊತ್ತಿತ್ತು ಕಣೇ."

ಹೇಗೆ ಎಂದೆ.

"ಮೂರು ವಾರಕ್ಕೆ ಹೋಗೋಳು ನಿಮ್ಮಮ್ಮನ ಯೆರ್ಬಾ ಬುರುಡೆ ಯಾಕೆ ಕಟ್ಕೋತೀಯ?"

"ಗೊತ್ತಿದ್ದೂ ಸುಮ್ಮನಿದ್ದೆಯಾ?"

"ಕೇಳಿದ್ರೆ ನೀನು ಹೌದು ಅಂತಿದ್ದೆ. ಅದಕ್ಕೇ ಕೇಳಲಿಲ್ಲ." ಸ್ವಲ್ಪ ಹೊತ್ತು ಪಂಪು ಒತ್ತಿದ. "ನಂಗೂ ಭಯಾನೇ, ನೆಲಿ. ಬರೋ ದಾರೀಲಿ ಕಾಬೋ ಫ್ರಿಯೋ ಹತ್ರ ಆ ಅಲೆ ಹೊಡೀತಲ್ಲ, ಅವತ್ತಿಂದ ಲಂಗರು ಎತ್ತೋ ದಿನ ಬಂದ್ರೆ ಸಾಕು, ಸಿಳ್ಳೆ ಹೊಡೀತಾ ಇರ್ತೀನಿ, ನಿಂಗೆ ಗೊತ್ತಾಗ್ಬಾರ್ದು ಅಂತ."

ಹಾಗಿದ್ದರೆ ಈ ದರಿದ್ರ ಮರದ ಪೆಟ್ಟಿಗೆಯಲ್ಲಿ ನನ್ನನ್ನು ಯಾಕೆ ಇಷ್ಟು ದೂರ ಎಳೆದುಕೊಂಡು ಬಂದೆ ಎಂದು ಕೇಳಿದೆ. ಗಾಳಿಯ ಸದ್ದಿಗೆ ಕೂಗಬೇಕಾಯಿತು.

"ಮನೇಲಿ ನೀನು ನನ್ನ ಬೈತಾನೂ ಇರಲಿಲ್ಲ. ಪೇಪರ್ ಹಿಡ್ಕೊಂಡು ಕಿಟಕಿ ಕಡೆ ತಿರುಗಿ ಕೂತಿರ್ತಿದ್ದೆ. ನಾನು ಸತ್ತಿದ್ರೂ ಸಂಜೆ ಊಟಕ್ಕೆ ಗೊತ್ತಾಗ್ತಿತ್ತು. ಇಲ್ಲಿ ದಿನಾ ಬೈತೀಯಲ್ಲ."

ಎಂಥ ದಡ್ಡ ಮಾತು. ಬಾಯಿ ಮುಚ್ಚಿ ಪಂಪು ಒತ್ತು ಎಂದೆ. ಎಡಗೈಯಲ್ಲಿ ಅರ್ಧರ್ಧ ಒತ್ತುತ್ತಿದ್ದ, ಕೆಲಸ ಹಾಳು ಮಾಡುತ್ತಾನೆಂದು ನಾನೇ ಪಂಪು ಕಿತ್ತುಕೊಂಡೆ. ಅವನು ಪಕ್ಕಕ್ಕೆ ಸರಿಯಲಿಲ್ಲ. ಸರಿಯಲು ಜಾಗವೂ ಇಲ್ಲ ಇಲ್ಲಿ. ಹೀಗಾಗಿ ಗಾಳಿ ಇಳಿಯುವ ತನಕ ಅವನ ಒಳ್ಳೆಯ ಭುಜ ನನಗೆ ಒತ್ತಿಕೊಂಡೇ ಇತ್ತು.

ಸಂಜೆ ಬಾಗಿಲು ತೆರೆದಾಗ ಗಿಲೇನ್ ತನ್ನ ದೋಣಿಯ ಮೇಲೆ ನಿಂತು ಕಾಂಡ್ಲಾ ಎಲೆಗಳನ್ನು ಗುಡಿಸುತ್ತಿದ್ದಳು. ಎಲ್ಲ ಕಡೆ ಎಲೆ. ನನ್ನ ಕೂದಲಲ್ಲೂ.

ಸೆಪ್ಟೆಂಬರ್ 30

ಎರ್ಮಿನಿಯಾ ಫೋನು. ಕೋಣೆಗೆ ಹೊಸ ಪರದೆ ಹಾಕಿಸಿದ್ದಾಳೆ, ಯಾವಾಗ ಬರುತ್ತೀಯ ಎಂದಳು. ಬಿರುಗಾಳಿಯ ವಿಷಯ ಹೇಳಿದೆ. ಅಯ್ಯೋ ಇಲ್ಲೂ ಭಾನುವಾರ ಜೋರು ಗಾಳಿ ಕಣೆ, ಹೂಕುಂಡ ಬಿತ್ತು ಎಂದಳು. ಜನ ಮನೆಯೊಳಗೇ ಕೂತು ಕೂತು ಎಷ್ಟು ಸಣ್ಣವರಾಗಿಬಿಡುತ್ತಾರೆ.

ಗಿಲೇನ್ ಎರಡು ದಿನದಿಂದ ಬಂದಿಲ್ಲ. ಬರದಿದ್ದರೆ ಬರುವುದಿಲ್ಲ ಎಂದು ಹೇಳಬೇಕು, ಅಷ್ಟು ಶಿಷ್ಟಾಚಾರವೂ ಇಲ್ಲ. ಅವಳ ಪಾಲಿನ ಬಾಳೆಕಾಯಿಯನ್ನೂ ಕರಿದಿಟ್ಟು ಹಾಳಾಯಿತು. ಕೊನೆಗೆ ಹುಟ್ಟು ಹಾಕಿಕೊಂಡು ಹೋಗಿ ವಿಚಾರಿಸಿದೆ. ಶೀತವಂತೆ. ಸಾರು ಮಾಡಿಕೊಟ್ಟು ಬೈದು ಬಂದೆ.

ಅಕ್ಟೋಬರ್ 16

ಗಿಲೇನ್‌ಳನ್ನು ಊರಿಗೆ ಕರೆದೊಯ್ಯಲು ಅವಳ ತಮ್ಮ ನಾರ್ಮಾನ್ ಬಂದಿದ್ದಾನೆ. ಬಿಳಿ ಬೂಟು ಹಾಕಿಕೊಂಡು ದೋಣಿ ಹತ್ತಿದ. ಅವಳು ಬರುವುದಿಲ್ಲ ಎಂದಳಂತೆ. ದೋಣಿಗೆ ಬಣ್ಣ ಬಳಿಸಿ, ಚಳಿಗಾಲದಲ್ಲಿ ಪೋರ್ಟೊ ರಿಕೊ ಕಡೆ ಹೋಗುತ್ತಾಳಂತೆ, ಒಬ್ಬಳೇ ಅಥವಾ ಯಾರಾದರೂ ಸಿಕ್ಕರೆ ಜೊತೆಗೆ. ಇದನ್ನು ನನಗೆ ಹೇಳುವಾಗ ನಕ್ಕಳು. ಹಳೆಯ ನಗು. ಪಕ್ಕದ ದೋಣಿಯವರು ತಲೆ ಹೊರಗೆ ಹಾಕಿ ನೋಡಿದರು. ನೋಡುವಂಥದ್ದೇನಿತ್ತು ಅದರಲ್ಲಿ, ಒಬ್ಬ ಹೆಂಗಸು ನಗಬಾರದೇ?

ಅಕ್ಟೋಬರ್ 29

ಎವಾರಿಸ್ತೋನ ಕಟ್ಟು ಬಿಚ್ಚಿದ್ದಾರೆ. ಕೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ.

ಇವತ್ತು ಯೆರ್ಬಾ ಕುಡಿಯುವಾಗ ಅವನು ಒಂದು ಮಾತು ತೆಗೆದ. ನಾರ್ಮಾನ್ ದೋಣಿ ಕೊಳ್ಳಬೇಕೆಂದಿದ್ದಾನೆ. ಇಲ್ಲಿಯ ಬದುಕು ಹಿಡಿಸಿದೆಯಂತೆ. ಪೋರ್ಫಿಯಾದಾ ಕೊಡುತ್ತೀರಾ ಎಂದು ಕೇಳಿದನಂತೆ.

"ಕೊಟ್ಬಿಡೋಣ ನೆಲಿ," ಅಂದ. "ರೊಸಾರಿಯೊಗೆ ಹೋಗೋಣ. ನಿನ್ನೊಬ್ಬಳನ್ನೇ ಕಳಿಸಲ್ಲ, ನಾನೂ ಬರ್ತೀನಿ. ಬೇಕಾದ್ರೆ ನೀನು ಕಿಟಕಿ ಕಡೆ ತಿರುಗ್ಕೊಂಡೇ ಕೂತ್ಕೋ. ನಾನು ಈ ಕಡೆಯಿಂದ ಮಾತಾಡ್ತೀನಿ."

ತಮಾಷೆ ಮಾಡುತ್ತಿದ್ದಾನೇನೋ ಎಂದು ನೋಡಿದೆ. ಇಲ್ಲ. ಮೂರು ವರ್ಷದಿಂದ ನಾನು ಕಾಯುತ್ತಿದ್ದ ಮಾತು. ಒಳ್ಳೆಯದು ಎಂದೆ. ನಾರ್ಮಾನ್ ಬಂದು ದೋಣಿ ನೋಡಲಿ ಎಂದೆ. ಆಮೇಲೆ ತಲೆನೋವು ಬಂದು ಮಲಗಿದೆ.

ನವೆಂಬರ್ 3

ನಾರ್ಮಾನ್‌ನನ್ನು ಕರೆದುಕೊಂಡು ಕೊಲ್ಲಿಯ ಬಾಯಿಯಿಂದ ಹೊರಗೆ ಒಂದು ಸುತ್ತು ಹೋಗಿಬಂದೆವು. ಚುಕ್ಕಾಣಿ ನನ್ನ ಕೈಯಲ್ಲಿತ್ತು, ಬಾಯಿಯ ಹತ್ತಿರ ಮರಳುದಿಬ್ಬ ಇರುವುದರಿಂದ ಬೇರೆಯವರಿಗೆ ಕೊಡಲಾಗುವುದಿಲ್ಲ. ಎವಾರಿಸ್ತೋ ಕೆಳಗೆ ಕಾಫಿ ಕಾಯಿಸುತ್ತಿದ್ದ.

ತಪ್ಪು ಹುಡುಕಲು ಬೆಳಗಿನಿಂದ ಕಷ್ಟಪಟ್ಟೆ. ಆ ಮನುಷ್ಯನಲ್ಲಿ ತಪ್ಪೇ ಇಲ್ಲ. ಬಿಳಿ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಬಂದಿದ್ದ. ಹಾಯಿ ಏರಿಸಲು ಬರುತ್ತದೆ, ಇಳಿಸಲು ಬರುತ್ತದೆ. ಚಿಕ್ಕಂದಿನಲ್ಲಿ ಅವರೂರಿನ ನದಿಯಲ್ಲಿ ಕಲಿತನಂತೆ. ಹಗ್ಗವನ್ನು ನಾನು ಸುತ್ತಿಡುವುದಕ್ಕಿಂತ ಚೊಕ್ಕಟವಾಗಿ ಸುತ್ತಿಟ್ಟ. ಪೋರ್ಫಿಯಾದಾ ಒಳ್ಳೆಯ ಹೆಸರು, ಬದಲಿಸುವುದಿಲ್ಲ ಎಂದ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಒಳಗೆ ಇಳಿದು ಎಲ್ಲವನ್ನೂ ಮೆಲ್ಲಗೆ ಮುಟ್ಟಿ ನೋಡಿದ. ಚೆನ್ನಾಗಿದೆ ಮೇಡಂ, ತುಂಬ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದ.

ಚೆನ್ನಾಗಿಲ್ಲ ಎಂದೆ. ಹಾಸಿಗೆಯ ಮೇಲಿನ ಕಿಟಕಿ ಸೋರುತ್ತದೆ, ಗಾಳಿ ಬಲಗಡೆಯಿಂದ ಬಂದಾಗ ಮಾತ್ರ, ಅದಕ್ಕೇ ಯಾರೂ ಸರಿಮಾಡಲಾರರು. ಕಕ್ಕಸಿನ ಪಂಪು ಮಳೆಗಾಲದಲ್ಲಿ ಹಿಂದಕ್ಕೆ ಉಗುಳುತ್ತದೆ. ಇಂಜಿನ್ ಬೆಳಿಗ್ಗೆ ಏಳುವುದಿಲ್ಲ. ಅದಕ್ಕೆ ಅರ್ಥವಾಗುವುದು ಸ್ಪ್ಯಾನಿಷ್ ಬೈಗುಳ ಮಾತ್ರ. ಹಾಯಿಕಂಬದ ಬುಡದಲ್ಲಿ ತುಕ್ಕು ಇದೆ. ಹಿಂಗಡೆಯ ಹಾಸಿಗೆ ಮನುಷ್ಯರು ಮಲಗುವಂಥದ್ದಲ್ಲ, ನಾವು ಮಲಗುತ್ತೇವೆ ಅಷ್ಟೇ. ನೆಲದ ಹಲಗೆ ಎತ್ತಿ ಪ್ರೊಪೆಲರ್ ದಂಡದ ಹನಿಯನ್ನೂ ತೋರಿಸಿದೆ. ಇದು ಬೀಳುತ್ತಲೇ ಇರಬೇಕು, ನಿಂತರೆ ಇನ್ನೂ ಕೆಟ್ಟದ್ದು ಎಂದೆ. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಕಾಫಿ ಲೋಟ ಹಿಡಿದ ಎವಾರಿಸ್ತೋ ಒಲೆಯ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದ. ಅವನ ಬೆನ್ನು ಅಲುಗುತ್ತಿತ್ತು.

ನಾರ್ಮಾನ್ ಎಲ್ಲವನ್ನೂ ಮರ್ಯಾದೆಯಿಂದ ಕೇಳಿಸಿಕೊಂಡು, ಮೆತ್ತಗೆ ಕೇಳಿದ:

"ಇಷ್ಟೆಲ್ಲ ಇದ್ರೂ ನೀವು ಇದರಲ್ಲೇ ಹೇಗಿದ್ದೀರಿ ಮೇಡಂ?"

"ಎಲ್ಲೆಲ್ಲಿ ಸೋರುತ್ತೆ ಅಂತ ನಂಗೊತ್ತು," ಎಂದೆ. "ನಿಮಗೆ ಗೊತ್ತಿಲ್ಲ."

ಅವನು ನನ್ನನ್ನೂ ಎವಾರಿಸ್ತೋನ ಬೆನ್ನನ್ನೂ ನೋಡಿದ. ಕಾಫಿ ಕುಡಿದು, ಕೈ ಕುಲುಕಿ, ಬೂಟು ಹಿಡಿದುಕೊಂಡು ಇಳಿದುಹೋದ. ಹೋಗುವಾಗಲೂ ಸಭ್ಯ.

ಎವಾರಿಸ್ತೋ ಕಾಫಿ ಲೋಟಗಳನ್ನು ತೊಳೆದಿಟ್ಟ. ಆಮೇಲೆ, ಎರ್ಮಿನಿಯಾಗೆ ನಾನು ಹೇಳಲೋ ನೀನೇ ಹೇಳುತ್ತೀಯೋ ಎಂದ. ನೀನೇ ಹೇಳು, ನನಗೆ ಪುರಸೊತ್ತಿಲ್ಲ ಎಂದೆ. ನಾನಾಗಲೇ ನೆಲದ ಹಲಗೆ ಎತ್ತಿದ ಜಾಗದಲ್ಲಿ ಬೋರಲು ಮಲಗಿ, ದಂಡದ ನಟ್ಟಿಗೆ ಸ್ಪ್ಯಾನರ್ ಹಾಕಿದ್ದೆ. ಹನಿ ಸ್ವಲ್ಪ ಜಾಸ್ತಿಯಾಗಿದೆ. ಕಾಲು ಸುತ್ತು ಬಿಗಿ ಮಾಡಿ ನೋಡಿದೆ. ಮೇಲಿನಿಂದ ಅವನು ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸುತ್ತಿತ್ತು: ಇಲ್ಲ ಎರ್ಮಿನಿಯಾ, ಹುಷಾರಾಗಿದ್ದಾಳೆ, ಇಲ್ಲೇ ಇದ್ದಾಳೆ, ಕೆಳಗಿದ್ದಾಳೆ, ಬೈತಿದ್ದಾಳೆ.

ನಾನು ಬೈಯುತ್ತಿರಲಿಲ್ಲ. ಹನಿಗಳ ನಡುವೆ ಎಷ್ಟು ಹೊತ್ತು ಬಿಡುತ್ತದೆ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದೆ, ಅಷ್ಟೇ.